ಗೋಡೆ ಮೇಲಿನ ಗೆರೆ: ಚಂಡಮಾರುತದ ಮಳೆಗೆ ನಮ್ಮ ಮನೆ ಸಜ್ಜಾದ ಬಗೆ

ಕೋಲಾರದಲ್ಲಿ ಕೂತು ಚಂಡಮಾರುತಕ್ಕೆ ಮನೆ ಸಜ್ಜು ಮಾಡುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ಸಮುದ್ರ ಇಲ್ಲಿಂದ ಇನ್ನೂರು ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಊರಿರುವುದು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲೆ. ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿ ಒಂದೂ ಇಲ್ಲ. ಟ್ಯಾಂಕರ್ ನೀರಿಗೆ ಬಿಂದಿಗೆ ಹಿಡಿದು ಕಾದು ಬೆಳೆದವರು ನಾವು. ಚೆನ್ನೈನ ವೇಳಚ್ಚೇರಿಯಲ್ಲಿರುವ ನಮ್ಮಕ್ಕನೇ ಫೋನಿನಲ್ಲಿ ರೇಗಿಸುತ್ತಾಳೆ: "ನಿಮ್ಮೂರಲ್ಲಿ ಸಮುದ್ರ ಯಾವ ಬೀದೀಲಿದೆಯೇ?"

ಸಮುದ್ರ ಬರುವುದಿಲ್ಲ ನಿಜ. ಅಲ್ಲಿಂದ ಹೊರಟ ಮೋಡ ಮಾತ್ರ ಸೀದಾ ಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳಕೊಲ್ಲಿಯಲ್ಲಿ ಏಳುವುದರಲ್ಲಿ ಕೆಲವು ಚೆನ್ನೈ, ನೆಲ್ಲೂರು, ಪುದುಚೇರಿ ಕಡೆ ದಡ ಮುಟ್ಟಿ ಒಳಗೆ ನುಗ್ಗುತ್ತವೆ. ನೆಲ ಮುಟ್ಟಿದ ಮೇಲೆ ಗಾಳಿಯ ಜೋರು ಇಳಿಯುತ್ತದೆ. ಮಳೆ ಇಳಿಯಬೇಕು ಅಂತೇನೂ ಇಲ್ಲ. ಕರ್ನಾಟಕದಲ್ಲಿ ಅಂಥ ಮಳೆಗೆ ಮೊದಲು ಸಿಗುವುದೇ ಮುಳಬಾಗಿಲು, ಬಂಗಾರಪೇಟೆ, ಕೋಲಾರ.

2021ರ ನವೆಂಬರ್ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿದೆ. 11ನೇ ತಾರೀಖು ಒಂದು, 19ನೇ ತಾರೀಖು ಇನ್ನೊಂದು ವಾಯುಭಾರ ಕುಸಿತ ಚೆನ್ನೈ ಹತ್ತಿರ ದಡ ದಾಟಿದವು. ಎರಡಕ್ಕೂ ಹೆಸರಿರಲಿಲ್ಲ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಮಾತ್ರ ಅದಕ್ಕೆ ಚಂಡಮಾರುತ ಅನ್ನುತ್ತಾರೆ, ಆಗಲೇ ಹೆಸರು ಇಡುವುದು. ಹೆಸರಿಲ್ಲ ಅಂದರೆ ಟಿವಿಯವರಿಗೂ ಉತ್ಸಾಹ ಇರುವುದಿಲ್ಲ, ನಮಗೂ ಭಯ ಹುಟ್ಟುವುದಿಲ್ಲ. ಆ ಹೆಸರಿಲ್ಲದ ಮಳೆಗೇ ಜಿಲ್ಲೆಯ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳಕೆ ಒಡೆಯಿತು. ನಮ್ಮ ಪಾಲಾರ್ ತುಂಬಿ ಹರಿದು ಕೆಳಗೆ ವೆಲ್ಲೂರಿನವರನ್ನೂ ಗೋಳು ಹೊಯ್ದುಕೊಂಡಿತು. ನಮ್ಮ ಮನೆ ಇರುವುದು ಕೆರೆ ಏರಿಯ ಕೆಳಗಿನ ಬಡಾವಣೆಯಲ್ಲಿ, ಹಿಂದೆ ರಾಜಕಾಲುವೆ. ರಾತ್ರಿ ಮನೆಯೊಳಗೆ ನೀರು ಬಂತು.

ನಾನು ಟೈಲರಿಂಗ್ ಮಾಡುತ್ತೇನೆ. ಮುಂದಿನ ರೂಮೇ ಅಂಗಡಿ. ನೀರು ಇಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗುರುತು ಉಳಿಯಿತಲ್ಲ, ಅದು ಒಣಗುವ ಮುಂಚೆ ಬಟ್ಟೆಗೆ ಗುರುತು ಹಾಕುವ ಚಾಕ್ ತಗೊಂಡು ಉದ್ದಕ್ಕೂ ಗೆರೆ ಎಳೆದೆ. ಟೇಪ್ ಹಿಡಿದು ಅಳೆದರೆ ನೆಲದಿಂದ ಹದಿನೇಳು ಇಂಚು. ಅಡುಗೆಮನೆಯಲ್ಲಿ ಹದಿನಾಲ್ಕು, ಹಿಂದಿನ ಬಚ್ಚಲಲ್ಲಿ ಇಪ್ಪತ್ತೆರಡು. ಕಣ್ಣಿಗೆ ಸಮ ಕಾಣುವ ಮನೆಯ ನೆಲ ಸಮ ಇರುವುದಿಲ್ಲ ಅಂತ ಅವತ್ತೇ ಗೊತ್ತಾಗಿದ್ದು. ಸುಣ್ಣ ಹೊಡೆಯುವವರು ಬಂದಾಗ ಅದೇ ಗೆರೆಯನ್ನು ನೀಲಿ ಪೇಂಟಲ್ಲಿ ಬರೆಸಿಕೊಂಡೆ. ಯಜಮಾನರಿಗೆ ಇಷ್ಟ ಇರಲಿಲ್ಲ. "ಬಂದವರೆಲ್ಲ ಇದೇನು ಅಂತ ಕೇಳ್ತಾರೆ" ಅಂದರು. ಕೇಳಲಿ ಅಂತಲೇ ಬರೆಸಿದ್ದು.

ಆಮೇಲೆ ಮನೆಯಲ್ಲಿ ಮಾಡಿದ ಪ್ರತಿ ಬದಲಾವಣೆಗೂ ಆ ಗೆರೆಯೇ ಅಳತೆ. ನೀರಿಗೆ ಸಿಕ್ಕರೆ ಕೆಡುವಂಥದ್ದು ಗೆರೆಯಿಂದ ಒಂದು ಅಡಿ ಮೇಲಿರಬೇಕು. ಗೆರೆಯ ಕೆಳಗೆ ಉಳಿಯುವುದು ತೊಳೆದರೆ ಸರಿಹೋಗುವಂಥದ್ದಾಗಿರಬೇಕು. ಎರಡೂ ಆಗದಿದ್ದರೆ ಅದನ್ನು ಹತ್ತು ನಿಮಿಷದಲ್ಲಿ ಮಹಡಿಗೆ ಸಾಗಿಸೋ ಹಾಗಿರಬೇಕು.

ಮೊದಲು ಕೈ ಹಾಕಿದ್ದು ಕರೆಂಟಿಗೆ. ನಮ್ಮ ಹಳೇ ವೈರಿಂಗಲ್ಲಿ ಪ್ಲಗ್ ಪಾಯಿಂಟ್‌ಗಳೆಲ್ಲ ನೆಲದಿಂದ ಒಂದೇ ಅಡಿ ಮೇಲೆ. ಹದಿನೇಳು ಇಂಚು ನೀರಲ್ಲಿ ಅವೆಲ್ಲ ಮುಳುಗಿದ್ದವು. ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣನ ಕೈಲಿ ಎಲ್ಲವನ್ನೂ ನಾಲ್ಕು ಅಡಿಗೆ ಏರಿಸಿದೆವು. ಕೆಳಗಿನ ಮನೆಯ ಪ್ಲಗ್‌ಗಳಿಗೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿಯೇ ಆಫ್ ಆಗುವ ಸ್ವಿಚ್), ಲೈಟಿಗೆ ಬೇರೆ, ಮಹಡಿಗೆ ಬೇರೆ. ಹೀಗೆ ಮಾಡಿದರೆ ಕೆಳಗಿನದನ್ನು ಪೂರ್ತಿ ಆರಿಸಿ ಮೇಲೆ ಲೈಟ್ ಇಟ್ಟುಕೊಳ್ಳಬಹುದು. ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆವು. ಎಲ್ಲೋ ಸ್ವಲ್ಪ ಕರೆಂಟ್ ನೀರಿಗೋ ಮೈಗೋ ಸೋರಿದರೂ ಅದು ಟಪ್ ಅಂತ ಬೀಳುತ್ತದೆ. ನಮ್ಮ ಕಡೆ ಜನ ಅದನ್ನು ಇನ್ನೂ ಇಎಲ್‌ಸಿಬಿ ಅಂತಲೇ ಕರೆಯೋದು, ಅಂಗಡಿಯಲ್ಲಿ ಹಾಗೇ ಕೇಳಿದರೂ ಸಿಗುತ್ತದೆ. ಅದರ ಮೇಲೊಂದು ಟೆಸ್ಟ್ ಬಟನ್ ಇದೆ. ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇನ್ವರ್ಟರ್ ವಿಷಯ ಮಾತ್ರ ಒತ್ತಿ ಹೇಳಬೇಕು. ಬೀದಿ ಕರೆಂಟ್ ಹೋಗಿದೆ, ಇನ್ನೇನು ಭಯ ಅಂತ ಜನ ನೀರಿಗೆ ಇಳಿಯುತ್ತಾರೆ. ಆದರೆ ಇನ್ವರ್ಟರ್ ಓಡುತ್ತಿದ್ದರೆ ಮನೆಯ ಅರ್ಧ ವೈರಿಂಗಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮೇನ್ ಆಫ್ ಮಾಡಿದರೂ ಅದು ಆಫ್ ಆಗುವುದಿಲ್ಲ, ಅದಕ್ಕೆ ಬೇರೆ ಸ್ವಿಚ್. ನೆಲದ ಮೇಲೆ ಟ್ರಾಲಿಯಲ್ಲಿದ್ದ ಬ್ಯಾಟರಿಯನ್ನು ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ ಮೂರು ಅಡಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಅಂಥದ್ದೇ ಗಿಡ್ಡ ಸ್ಟ್ಯಾಂಡ್ ಫ್ರಿಜ್ಜಿಗೂ ಆಯಿತು. ನೀರು ಹೊಸ್ತಿಲ ಹತ್ತಿರ ಬಂದರೆ ಮೇನ್, ಆಮೇಲೆ ಇನ್ವರ್ಟರ್, ಎರಡೂ ಆಫ್. ಇದನ್ನು ಮಾಡುವುದು ಕಾಲು ಒಣಗಿದ್ದಾಗ. ಆಗಲೇ ನೀರಲ್ಲಿ ನಿಂತಿದ್ದರೆ ಬೋರ್ಡ್ ಮುಟ್ಟಬಾರದು. 1912ಕ್ಕೆ ಫೋನ್ ಮಾಡಿ ಬೀದಿ ಲೈನೇ ತೆಗೆಸಬೇಕು.

ಇನ್ನು ನೀರು. ನೀರು ಬಾಗಿಲಲ್ಲಿ ಬರುತ್ತದೆ ಅಂತ ಎಲ್ಲರೂ ಬಾಗಿಲು ನೋಡಿಕೊಂಡು ಕೂರುತ್ತಾರೆ. ನಮ್ಮ ಮನೆಯಲ್ಲಿ ಬಂದಿದ್ದು ಬಚ್ಚಲಲ್ಲಿ. ಬೀದಿಯ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಲೈನ್ ತುಂಬಿದಾಗ ಅದಕ್ಕೆ ಹೋಗಲು ಜಾಗ ಇರುವುದಿಲ್ಲ. ಆಗ ಎಲ್ಲಕ್ಕಿಂತ ತಗ್ಗಿನಲ್ಲಿರುವ ಮನೆಯ ಕಕ್ಕಸು, ಬಚ್ಚಲಿನ ಜಾಲರಿಯಲ್ಲಿ ಉಕ್ಕುತ್ತದೆ. ಬಾಗಿಲ ಮುಂದೆ ಎಷ್ಟು ಮೂಟೆ ಇಟ್ಟರೂ ಇದಕ್ಕೆ ಉಪಯೋಗವಿಲ್ಲ.

ಇದನ್ನು ನನಗೆ ಸರಿಯಾಗಿ ಬಿಡಿಸಿ ಹೇಳಿದ್ದು ಅಕ್ಕ. ವೇಳಚ್ಚೇರಿಯ ನೀರು ಪಳ್ಳಿಕರಣೆ ಜೌಗಿಗೆ ಹೋಗಿ ಅಲ್ಲಿಂದ ಸಮುದ್ರ ಸೇರಬೇಕು. ಚಂಡಮಾರುತ ದಡದ ಹತ್ತಿರ ಇದ್ದಾಗ ಗಾಳಿ ಸಮುದ್ರವನ್ನು ನೆಲದ ಕಡೆ ತಳ್ಳುತ್ತದೆ, ಸಮುದ್ರದ ಮಟ್ಟವೇ ಏರುತ್ತದೆ. ಅದರ ಮೇಲೆ ಉಬ್ಬರವೂ ಸೇರಿದರೆ ಕಾಲುವೆಗಳ ಬಾಯಿ ಕಟ್ಟಿದ ಹಾಗೆ. ಊರಿನ ನೀರು ಹೊರಗೆ ಹೋಗದೆ ಹಿಂದಕ್ಕೆ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಬಂದಾಗ ಅದು ದಡ ದಾಟಿದ್ದು ದೂರದ ಬಾಪಟ್ಲ ಹತ್ತಿರ, 5ನೇ ತಾರೀಖು. ಅದಕ್ಕೂ ಮುಂಚೆಯೇ ವೇಳಚ್ಚೇರಿ ಮುಳುಗಿತ್ತು.

ಕೇಳುತ್ತಾ ಕೇಳುತ್ತಾ ನನಗೆ ಹೊಳೆದಿದ್ದು, ನಮ್ಮಲ್ಲಿ ಸಮುದ್ರದ ಆ ಕೆಲಸ ಮಾಡುವುದು ಕೆಳಗಿನ ಕೆರೆ. ಕೋಲಾರದ ಕೆರೆಗಳು ಸರಪಳಿ ಹಾಗೆ ಒಂದಕ್ಕೊಂದು ಸೇರಿಕೊಂಡಿವೆ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಕೆಳಗಿನದೂ ತುಂಬಿದ್ದರೆ ಮಧ್ಯದ ರಾಜಕಾಲುವೆ ಹರಿಯದೆ ನಿಲ್ಲುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಚರಂಡಿ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಅದು ಒಳ್ಳೆಯದು, ಸತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು ಅಂತ ರೈತರೇ ಹೇಳುತ್ತಾರೆ. ಆದರೆ ಹಿಂದೆ ಒಣಗಿ ಬಿರುಕು ಬಿಟ್ಟ ಕೆರೆಗಳು ವಾರದ ಮಳೆಯನ್ನೂ ಸದ್ದಿಲ್ಲದೆ ನುಂಗುತ್ತಿದ್ದವು. ಈಗ ಹಿಂಗಾರು ಶುರುವಾಗುವ ಹೊತ್ತಿಗೇ ಅರ್ಧ ತುಂಬಿರುವ ಕೆರೆಗೆ ಅಷ್ಟು ಜಾಗ ಇಲ್ಲ. ಹಾಗಾಗಿ ನಾನು ಚಂಡಮಾರುತದ ಹೆಸರಿಗಿಂತ ಜಾಸ್ತಿ ಕೆರೆಯ ಮಟ್ಟ ನೋಡುತ್ತೇನೆ. ನವರಾತ್ರಿ ಕಳೆದ ಮೇಲೆ ತರಕಾರಿಗೆ ಹೋಗುವ ದಾರಿಯಲ್ಲಿ ಏರಿ ಮೇಲೆ ಗಾಡಿ ನಿಲ್ಲಿಸಿ ನೋಡುವುದೇ ಅಭ್ಯಾಸ. ನೀರು ಕೋಡಿಯ ಕಲ್ಲು ಮುಟ್ಟಲು ಇನ್ನು ಎರಡೇ ಅಡಿ ಬಾಕಿ ಅಂದರೆ ನಮ್ಮ ಮನೆಯಲ್ಲಿ ಕೆಲಸ ಶುರು. ಏರಿ ಕೆಳಗೆ ಗದ್ದೆ ಇರುವ ಹಳೇ ನೀರುಗಂಟಿ (ಕೆರೆ ನೀರು ಹಂಚುವವರು) ಮನೆತನದ ತಾತ ಒಬ್ಬರಿದ್ದಾರೆ. ತೂಬು ಎತ್ತಿದ್ದಾರಾ, ಕೋಡಿ ಬಾಯಲ್ಲಿ ಕಸ ಕಟ್ಟಿಕೊಂಡಿದೆಯಾ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ.

ಬಚ್ಚಲಿಗೆ ಮಾಡಿದ್ದು ಹೀಗೆ. ಮನೆಯ ಕೊನೆಯ ಚೇಂಬರಿನಲ್ಲಿ, ಅಂದರೆ ಬೀದಿ ಲೈನಿಗೆ ಸೇರುವ ಮುಂಚೆ, ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದೆವು. ಮನೆಯಿಂದ ಹೊರಗೆ ಹೋಗುವಾಗ ಅದರ ರೆಕ್ಕೆ ತೆರೆಯುತ್ತದೆ, ಹೊರಗಿನದು ಒಳಗೆ ತಳ್ಳಿದಾಗ ಮುಚ್ಚಿಕೊಳ್ಳುತ್ತದೆ. ರೆಕ್ಕೆಯ ಸಂದಿಗೆ ಕೂದಲು, ದಾರ, ಬಟ್ಟೆ ಚೂರು ಸಿಕ್ಕಿಕೊಂಡರೆ ಸರಿಯಾಗಿ ಮುಚ್ಚುವುದಿಲ್ಲ. ಟೈಲರ್ ಮನೆಯಲ್ಲಿ ದಾರ ಎಲ್ಲೆಲ್ಲಿ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ! ಹಾಗಾಗಿ ಸೆಪ್ಟೆಂಬರ್‌ನಲ್ಲಿ ಚೇಂಬರ್ ತೆಗೆಸಿ ತೊಳೆಸುತ್ತೇನೆ. ಇನ್ನೊಂದು ಮಾತು: ವಾಲ್ವ್ ಮುಚ್ಚಿಕೊಂಡಿರುವಾಗ ನಮ್ಮ ನೀರೂ ಹೊರಗೆ ಹೋಗುವುದಿಲ್ಲ. ಮಹಡಿಯಲ್ಲಿ ಯಾರಾದರೂ ಬಕೆಟ್ ಗಟ್ಟಲೆ ನೀರು ಸುರಿದರೆ ಅದು ಕೆಳಗಿನ ಬಚ್ಚಲಲ್ಲೇ ಮೇಲೆ ಬರುತ್ತದೆ. ಆ ಹೊತ್ತಿಗೆ ಸ್ನಾನ, ಬಟ್ಟೆ ಒಗೆಯುವುದು ಬಂದ್. ವಾಲ್ವ್ ಹಾಕಿಸಲು ಆಗದವರು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಮರಳು ತುಂಬಿ ಬಿಗಿಯಾಗಿ ಕಟ್ಟಿ ಕಕ್ಕಸಿನ ಬಾಯಿಗೆ, ಜಾಲರಿಗೆ ಒತ್ತಿ ಇಡಬಹುದು. ಪೂರ್ತಿ ತಡೆಯುವುದಿಲ್ಲ, ಆದರೆ ನೀರು ನಿಧಾನವಾಗಿ ಬರುತ್ತದೆ. ಸಾಮಾನು ಮೇಲೆ ಸಾಗಿಸಲು ಹೊತ್ತು ಸಿಗುತ್ತದೆ.

ಬಾಗಿಲಿಗೆ ಎರಡು ಅಡಿ ಎತ್ತರದ ವಾಟರ್‌ಪ್ರೂಫ್ ಪ್ಲೈವುಡ್ ಹಲಗೆ. ಚೌಕಟ್ಟಿನ ಎರಡು ಕಡೆ ಅಲ್ಯೂಮಿನಿಯಂ ಚಾನೆಲ್ ಕೂರಿಸಿ, ಹಲಗೆಯ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿಸಿದೆವು. ಬೇಕಾದಾಗ ಮೇಲಿನಿಂದ ಇಳಿಸುವುದು, ಬೇಡವಾದಾಗ ಮಂಚದ ಕೆಳಗೆ. ಅದರ ಮುಂದೆ ಮರಳು ಮೂಟೆ. ಇಲ್ಲೂ ಒಂದು ಕೈಚಳಕ ಇದೆ. ಗೊಬ್ಬರದ ಖಾಲಿ ಚೀಲವನ್ನು ಬಾಯಿತನಕ ತುಂಬಿದರೆ ಅದು ಗುಂಡಗೆ ಕೂರುತ್ತದೆ, ಸಂದಿಯಲ್ಲೆಲ್ಲ ನೀರು ನುಗ್ಗುತ್ತದೆ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ಬಾಯಿ ಮಡಚಿ ಅಡಿಗೆ ಹಾಕಿ, ಕಾಲಲ್ಲಿ ತುಳಿದು ಚಪ್ಪಟೆ ಮಾಡಬೇಕು. ಇಟ್ಟಿಗೆ ಕಟ್ಟುವಂತೆ ಒಂದರ ಸಂದಿ ಮೇಲೆ ಇನ್ನೊಂದು ಬರಬೇಕು. ಮೂಟೆಗೂ ಹಲಗೆಗೂ ಮಧ್ಯೆ ಪ್ಲಾಸ್ಟಿಕ್ ಶೀಟ್. ಎಂ-ಸ್ಯಾಂಡ್ ಸಾಕು, ಮನೆ ಕಟ್ಟುತ್ತಿರುವವರ ಹತ್ತಿರ ಕೇಳಿದರೆ ಕೊಡುತ್ತಾರೆ. ಹೊರಗೆ ಎರಡು ಅಡಿಗಿಂತ ಜಾಸ್ತಿ ನೀರು ನಿಂತರೆ ಮಾತ್ರ ತಡೆಯುವ ಹಠ ಬೇಡ. ಅಷ್ಟು ನೀರಿನ ಒತ್ತಡ ಗೋಡೆಯ ಮೇಲೆ ಬೀಳುತ್ತದೆ. ಬಿಟ್ಟುಬಿಡಿ, ಒಳಗೆ ಬರಲಿ, ಆಮೇಲೆ ತೊಳೆದುಕೊಳ್ಳೋಣ.

ಸಂಪಿನ ವಿಷಯದಲ್ಲಿ ನಮ್ಮತ್ತೆಗೂ ನನಗೂ ವಾದ ಆಗಿತ್ತು. "ಮಳೆ ಬರ್ತಿದೆ ಅಂದ್ಮೇಲೆ ಸಂಪ್ ಯಾಕಮ್ಮಾ ತುಂಬಿಸ್ತೀಯಾ, ಖಾಲಿ ಇರಲಿ ಬಿಡು" ಅಂದರು. ಖಾಲಿ ಇಟ್ಟರೆ ಎರಡು ತೊಂದರೆ. ಸುತ್ತಲಿನ ಮಣ್ಣು ನೀರು ಕುಡಿದು ನಿಂತಾಗ ಕೆಳಗಿನಿಂದ ಖಾಲಿ ತೊಟ್ಟಿಯನ್ನು ಮೇಲಕ್ಕೆ ಒತ್ತುತ್ತದೆ. ಪ್ಲಾಸ್ಟಿಕ್ ಸಂಪಾದರೆ ಎದ್ದೇ ಬರಬಹುದು, ಕಾಂಕ್ರೀಟಿನದು ಬಿರುಕು ಬಿಡಬಹುದು. ಜೊತೆಗೆ ಬೀದಿಯ ಕೊಳಕು ನೀರು ನುಗ್ಗಲು ಖಾಲಿ ಜಾಗ ಇರುತ್ತದೆ. ತುಂಬಿಸಿ, ಮುಚ್ಚಳದ ಸುತ್ತ ದಪ್ಪ ರಬ್ಬರ್ ಷೀಟ್ ಹಾಕಿ, ಮೇಲೆ ಚಪ್ಪಡಿ ಎಳೆದರೆ ಎರಡೂ ತಪ್ಪುತ್ತದೆ. ಸಂಪಿನ ಬಾಯನ್ನು ಗಾರೆ ಕೆಲಸದವರ ಕೈಲಿ ಒಂದೂವರೆ ಅಡಿ ಎತ್ತರಿಸಿದ್ದೂ ಆಯಿತು. ಮೇಲಿನ ಸಿಂಟೆಕ್ಸ್ ಕೂಡ ತುಂಬಿಯೇ ಇರಬೇಕು, ಗಾಳಿಗೆ ಖಾಲಿ ಟ್ಯಾಂಕ್ ಉರುಳುತ್ತದೆ.

ಕುಡಿಯುವ ನೀರಿನ ಕಥೆ ಬೇರೆ. ನಮ್ಮ ಜಿಲ್ಲೆಯ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಾಗಾಗಿ ಎಲ್ಲರೂ ಶುದ್ಧ ನೀರಿನ ಘಟಕದ ಕ್ಯಾನನ್ನೇ ನಂಬಿದ್ದೇವೆ. ಕರೆಂಟ್ ಹೋದರೆ ಘಟಕ ಬಂದ್. ಮಳೆ ಮುನ್ಸೂಚನೆ ಬಂದ ದಿನವೇ ಮನೆಯಲ್ಲಿರುವ ಎಲ್ಲ ಕ್ಯಾನ್ ತುಂಬಿಸಿ ಮಹಡಿಗೆ ಏರಿಸುತ್ತೇವೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯಲು, ಅಡುಗೆಗೆ. ಮೂರು ದಿನದ ಲೆಕ್ಕ ಇಟ್ಟರೆ ಸಾಕು.

ತಾರಸಿಯನ್ನು ಜನ ಮರೆಯುತ್ತಾರೆ. ಮೂವತ್ತು ನಲವತ್ತರ ಸೈಟಿನ ಪೂರ್ತಿ ತಾರಸಿಯ ಮೇಲೆ 100 ಮಿ.ಮೀ ಮಳೆ ಬಿದ್ದರೆ ಹನ್ನೊಂದು ಸಾವಿರ ಲೀಟರ್, ಅಂದರೆ ಎರಡು ಟ್ಯಾಂಕರ್‌ನಷ್ಟು. ಹವಾಮಾನ ಇಲಾಖೆಯವರು ದಿನಕ್ಕೆ 64.5 ಮಿ.ಮೀ ಮುಟ್ಟಿದರೆ ಭಾರಿ ಮಳೆ ಅನ್ನುತ್ತಾರೆ, 115.6 ಮುಟ್ಟಿದರೆ ಅತಿ ಭಾರಿ. ಆ ನೀರೆಲ್ಲ ಇಳಿಯಬೇಕಾದದ್ದು ಮೂಲೆಯ ಎರಡು ಪೈಪಿನಲ್ಲಿ. ಪಕ್ಕದ ಮನೆ ಹೊಂಗೆ ಮರದ ಎಲೆ ಒಂದು ಹಿಡಿ ಅಲ್ಲಿ ಕೂತರೆ ತಾರಸಿಯೇ ಕೆರೆ. ಬಾಯಿಗೆ ಜಾಲರಿ ಹಾಕಿದ್ದೇವೆ, ಆದರೂ ಮಳೆಗಾಲದಲ್ಲಿ ದಿನಾ ಒಬ್ಬರು ಹತ್ತಿ ನೋಡಲೇಬೇಕು. ಶೀಟಿನ ಬೋಲ್ಟು, ಹೂಕುಂಡ, ಡಿಶ್ ಎಲ್ಲ ಅದೇ ಸಲ ನೋಡಿಬಿಡುವುದು.

ಅಂಗಡಿಗೆ ಬರೋಣ. ನನಗೆ ನಿಜವಾದ ಭಯ ಇರುವುದು ಇಲ್ಲೇ. ನವೆಂಬರ್, ಡಿಸೆಂಬರ್ ಅಂದರೆ ಮದುವೆ ಸೀಸನ್. ಕಪಾಟಿನಲ್ಲಿರುವುದು ನನ್ನ ಬಟ್ಟೆಯಲ್ಲ, ಬೇರೆಯವರ ಮದುವೆ ಬ್ಲೌಸು. ಕೆಸರು ನೀರು ಬಿದ್ದರೆ ಜರಿ ಕಪ್ಪಾಗುತ್ತದೆ. ಮೆರೂನ್ ಬಣ್ಣ ಬಿಟ್ಟು ಪಕ್ಕದ ಕ್ರೀಮ್ ಬಟ್ಟೆಗೆ ಹತ್ತುತ್ತದೆ. ದುಡ್ಡು ಕೊಟ್ಟರೂ ಆ ಸೀರೆಯ ಜೊತೆಗಿದ್ದ ಬ್ಲೌಸ್ ಪೀಸ್ ಮತ್ತೆ ಸಿಗುವುದಿಲ್ಲ. ಇದಕ್ಕೆ ನಮ್ಮೂರಿನ ಟೊಮೆಟೊ ಮಾರ್ಕೆಟ್ಟೇ ದಾರಿ ತೋರಿಸಿತು. ಎಪಿಎಂಸಿಯಲ್ಲಿ ಹದಿನೈದು ಕೆಜಿ ಹಣ್ಣು ಹಿಡಿಯುವ ಪ್ಲಾಸ್ಟಿಕ್ ಕ್ರೇಟ್‌ಗಳು ಗುಡ್ಡೆ ಗುಡ್ಡೆ ಇರುತ್ತವೆ. ಹಳೇವು ಕಡಿಮೆಗೆ ಸಿಕ್ಕವು. ಎರಡು ಕಡೆ ಹಿಡಿಕೆ, ಒಂದರ ಮೇಲೊಂದು ಕೂರುತ್ತವೆ, ತೊಳೆದರೆ ಹೊಸದು. ಪ್ರತಿ ಗಿರಾಕಿಯ ಬಟ್ಟೆಯೂ ಅಳತೆ ಚೀಟಿ ಸಮೇತ ಒಂದೊಂದು ಪ್ಲಾಸ್ಟಿಕ್ ಕವರಿಗೆ, ಕವರೆಲ್ಲ ಕ್ರೇಟಿಗೆ. ವರ್ಷವಿಡೀ ಹಾಗೇ ಇಡುತ್ತೇನೆ. ಮಳೆ ಜೋರಾದರೆ ಮಡಚುವುದು, ಹುಡುಕುವುದು ಏನೂ ಇಲ್ಲ. ಕ್ರೇಟ್ ಎತ್ತುವುದು, ಮೆಟ್ಟಿಲು ಹತ್ತುವುದು. ಮಗನಿಗೆ ಮೊದಮೊದಲು ಇದೇ ಆಟ, ಈಗ ಗೊಣಗುತ್ತಾನೆ.

ಮೆಷಿನ್ ಪೂರ್ತಿ ಹೊರಲು ಆಗುವುದಿಲ್ಲ. ಆದರೆ ಹೊಲಿಗೆ ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿದರೆ ಹಿಂಜ್ ಹತ್ತಿರ ಎರಡು ಸ್ಕ್ರೂ ಕಾಣುತ್ತವೆ. ಬೆಲ್ಟ್ ಬಿಚ್ಚಿ, ಅವೆರಡನ್ನೂ ಸಡಿಲ ಮಾಡಿದರೆ ತಲೆ ಕೈಗೆ ಬರುತ್ತದೆ. ಮೋಟರ್ ಬೇರೆ ಬಿಚ್ಚಿಕೊಳ್ಳಬೇಕು. ಕೆಳಗಿನ ಕಬ್ಬಿಣದ ಸ್ಟ್ಯಾಂಡ್ ನೀರಲ್ಲಿ ನಿಂತರೂ ಆಮೇಲೆ ಒರೆಸಿ ಎಣ್ಣೆ ಬಿಟ್ಟರೆ ಆಯಿತು. ಆ ಎರಡು ಸ್ಕ್ರೂ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು, ಸ್ಕ್ರೂಡ್ರೈವರನ್ನು ಮೆಷಿನ್ ಡ್ರಾಯರಿನಲ್ಲೇ ಇಡುವುದು. ಇವೆಲ್ಲ ಸಣ್ಣ ವಿಷಯ ಅಲ್ವಾ? ಆದರೆ ರಾತ್ರಿ ಕತ್ತಲಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೆಲಸ ಮಾಡುವಾಗ ಇದೇ ದೊಡ್ಡದು.

ಗ್ಯಾಸ್ ಸಿಲಿಂಡರ್ ತೇಲುತ್ತದೆ, ಖಾಲಿಯದು ಮಾತ್ರ ಅಲ್ಲ, ತುಂಬಿದ್ದೂ ತೇಲುತ್ತದೆ. 14.2 ಕೆಜಿ ಸಿಲಿಂಡರಿನ ಒಳಗೆ ಸುಮಾರು 33 ಲೀಟರ್ ಜಾಗ, ಗ್ಯಾಸ್ ಸಮೇತ ತೂಕ ಸುಮಾರು 30 ಕೆಜಿ. ನೀರು ಏರಿದರೆ ಅದು ಎದ್ದು ವಾಲಿ ಪೈಪ್ ಎಳೆಯುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ಮುಚ್ಚಳ ಹಾಕಿ, ಕಿಟಕಿ ಸರಳಿಗೆ ಹಗ್ಗದಲ್ಲಿ ಕಟ್ಟಬೇಕು. ಸ್ಟವ್ ಮಹಡಿಗೆ. ಮೇಲೆ ಅಡುಗೆಗೆ ಸಣ್ಣ ಐದು ಕೆಜಿ ಸಿಲಿಂಡರ್ ಇಟ್ಟುಕೊಂಡಿದ್ದೇವೆ. ಊಟದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ: ರಾಗಿ ಹಿಟ್ಟು, ಅವಲಕ್ಕಿ, ಹುರಿಗಡಲೆ, ಚಟ್ನಿಪುಡಿ ಮನೆಯಲ್ಲಿ ಯಾವಾಗಲೂ ಇರುತ್ತವೆ. ಅವರೆಕಾಯಿ ಕಾಲ ಬೇರೆ, ಹೊರಗೆ ಮಳೆ ಬೀಳುತ್ತಿದ್ದರೆ ಅತ್ತೆ ಕಾಳು ಹಿತುಕುತ್ತಾ ಕೂರುತ್ತಾರೆ.

ಅತ್ತೆಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ದಾರೆ. ಕರೆಂಟ್ ಹೋಗಿ ಫ್ರಿಜ್ ನಿಂತರೆ ಹೇಗೆ ಅಂತ ಡಾಕ್ಟರನ್ನು ಮುಂಚೆಯೇ ಕೇಳಿಟ್ಟುಕೊಂಡೆ. ಬಳಸುತ್ತಿರುವ ಇನ್ಸುಲಿನ್ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ ಅಂದರು. ನವೆಂಬರ್‌ನ ಕೋಲಾರದಲ್ಲಿ ತಂಪಿಗೇನೂ ಬರವಿಲ್ಲ. ಹೊಸದನ್ನು ಮಾತ್ರ ಕವರಲ್ಲಿ ಸುತ್ತಿ, ಹೊರಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿ ಇಡುತ್ತೇನೆ.

ಕ್ರಯಪತ್ರ, ಖಾತಾ, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ, ಮಗನ ಮಾರ್ಕ್ಸ್ ಕಾರ್ಡ್ ಎಲ್ಲ ಜಿಪ್ ಕವರಿಗೆ ಹಾಕಿ ಒಂದೇ ಬ್ಯಾಗಿನಲ್ಲಿ ಮಹಡಿಯ ಕಪಾಟಿನಲ್ಲಿವೆ. ಫೋಟೋ ತೆಗೆದು ಅಕ್ಕನ ಫೋನಿಗೂ ಕಳಿಸಿದ್ದೇನೆ, ಅವಳದು ನನ್ನ ಫೋನಿನಲ್ಲಿದೆ. ಎರಡು ಮನೆಯೂ ಒಂದೇ ಮಳೆಗೆ ಮುಳುಗಬಹುದು ಅಂತ ಯಜಮಾನರು ತಮಾಷೆ ಮಾಡುತ್ತಾರೆ. ಮುಳುಗಲಿ, ಫೋನಿನಲ್ಲಿ ಇರುತ್ತದಲ್ಲ!

ಅಕ್ಕನಿಂದ ಕಲಿತ ಇನ್ನೊಂದು ವಿಷಯ ಗಾಡಿಯದು. ವೇಳಚ್ಚೇರಿಯವರು ಮಳೆ ಎಚ್ಚರಿಕೆ ಬಂದರೆ ಕಾರುಗಳನ್ನು ತಗೊಂಡು ಹೋಗಿ ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿಬಿಡುತ್ತಾರೆ. ನಮ್ಮ ಹತ್ತಿರ ಇರುವುದು ಸ್ಕೂಟರ್. ಅಂತರಗಂಗೆ ರಸ್ತೆಯ ಏರಿನಲ್ಲಿರುವ ನಾದಿನಿ ಮನೆಗೆ ಬಿಟ್ಟು ಬರುತ್ತೇವೆ. ಗಾಡಿ ಮುಳುಗಿದ್ದರೆ ಸ್ಟಾರ್ಟ್ ಮಾಡಲೇಬಾರದು, ಎಂಜಿನ್ ಒಳಗೆ ನೀರು ಹೋಗಿದ್ದರೆ ಒಂದೇ ಸಲಕ್ಕೆ ಕೈಕೊಡುತ್ತದೆ. ತಳ್ಳಿಕೊಂಡೇ ಮೆಕ್ಯಾನಿಕ್ ಹತ್ತಿರ ಹೋಗಬೇಕು.

2024ರಲ್ಲಿ ಫೆಂಗಲ್ ಬಂದಾಗ ಇದೆಲ್ಲ ಪೂರ್ತಿ ಪರೀಕ್ಷೆಗೆ ಬಂತು. ನವೆಂಬರ್ 30ರ ರಾತ್ರಿ ಅದು ಪುದುಚೇರಿ ಹತ್ತಿರ ದಡ ಸೇರಿ, ಮುಂದೆ ಹೋಗದೆ ಅಲ್ಲೇ ಕೂತಿತು. ಹೀಗೆ ಕೂತುಬಿಡುವ ಚಂಡಮಾರುತ ಮಳೆ ಜಾಸ್ತಿ ಸುರಿಸುತ್ತದೆ. ನಾವು ಹಲಗೆ ಇಳಿಸಿ, ಮೂಟೆ ಜೋಡಿಸಿ, ಕ್ರೇಟ್‌ಗಳನ್ನು ಮೇಲೆ ಏರಿಸಿದೆವು. ಎದುರು ಮನೆಯ ಅಜ್ಜಿ ಒಬ್ಬರೇ ಇರುವುದು. ಸಂಜೆಯೇ ಹೋಗಿ, "ಅಜ್ಜಿ, ಇವತ್ತು ನಮ್ಮ ಮಹಡೀಲಿ ಮಲಗೋಣ ಬನ್ನಿ" ಅಂದೆ. "ನನ್ನ ಕೋಳೀನೂ ಬರ್ತವೆ" ಅಂದರು. ಬಂದವು. ಒಂದು ಕ್ರೇಟ್ ಅವಕ್ಕೂ ಹೋಯಿತು. ಆ ಸಲ ಬೀದಿಯಲ್ಲಿ ನೀರು ನಿಂತಿತೇ ಹೊರತು ಒಳಗೆ ಬರಲಿಲ್ಲ. ವಾಲ್ವ್ ತೆಗೆದು ನೋಡಿದಾಗ ಅದರ ಹೊರಮುಖಕ್ಕೆ ಬೀದಿಯ ಕಸ ಅಂಟಿತ್ತು, ಒಳಮುಖ ಚೊಕ್ಕಟವಾಗಿತ್ತು. ಅದನ್ನು ನೋಡಿದ ಮೇಲೆ ನಮ್ಮ ಬೀದಿಯಲ್ಲಿ ಇನ್ನೂ ಕೆಲವರು ಹಾಕಿಸಿಕೊಂಡರು.

ನೀರು ಒಳಗೆ ಬಂದೇಬಿಟ್ಟರೆ ಏನು ಅಂತಲೂ ಹೇಳಬೇಕು. ಕೆರೆಯಲ್ಲಿರುವುದು ಸಂಸ್ಕರಿಸಿದ ನೀರಾದರೂ ಕುಡಿಯುವ ಮಟ್ಟಕ್ಕೆ ಶುದ್ಧ ಮಾಡಿದ್ದಲ್ಲ, ಅದರ ಜೊತೆ ಚರಂಡಿಯೂ ಸೇರಿರುತ್ತದೆ. ಸಂಪಿಗೆ ಅದು ಹೋಗಿದ್ದರೆ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಹೊಸ ನೀರು ತುಂಬಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ಹಾಕಿ ಒಂದು ಗಂಟೆ ಬಿಡಬೇಕು. ಹಳೇ ಪೌಡರ್ ಆದರೆ ಶಕ್ತಿ ಇರುವುದಿಲ್ಲ, ಮೂಗಿಗೆ ಘಾಟು ಹೊಡೆಯಬೇಕು. ಕಾಲಲ್ಲಿ ಗಾಯ ಇದ್ದವರು ಗಮ್‌ಬೂಟ್ ಇಲ್ಲದೆ ಆ ನೀರಿಗೆ ಇಳಿಯಬಾರದು, ಇಲಿಜ್ವರ ಬರುವುದೇ ಹಾಗೆ. ಮೂಲೆಗಳಲ್ಲಿ ಹಾವು, ಚೇಳು ಸೇರಿಕೊಂಡಿರುತ್ತವೆ, ಕೋಲಲ್ಲಿ ತಟ್ಟಿ ನೋಡಿಯೇ ಕೈ ಹಾಕಬೇಕು. ಕಚ್ಚಿದರೆ ಮಂತ್ರ, ಬೇರು ಅಂತ ಅಲೆಯದೆ ಸೀದಾ ಜಿಲ್ಲಾಸ್ಪತ್ರೆಗೆ. ಮುಳುಗಿದ್ದ ಪ್ಲಗ್‌ಗಳನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ಒಣಗಿಸಿ ನೋಡುವತನಕ ಮೇನ್ ಹಾಕಬಾರದು. ಸಹಾಯ ಬೇಕಾದರೆ ಜಿಲ್ಲಾಡಳಿತದ 1077, ಜೀವಕ್ಕೆ ಅಪಾಯ ಅಂದರೆ 112.

ತೊಳೆಯಲು ಪೊರಕೆ ಹಿಡಿಯುವ ಮುಂಚೆ ಫೋನ್ ಹಿಡಿಯಬೇಕು. ಪ್ರತಿ ರೂಮಿನ ಫೋಟೋ, ನೀರಿನ ಗುರುತು ಕಾಣುವ ಹಾಗೆ, ಹಾಳಾದ ಒಂದೊಂದು ವಸ್ತುವಿನದೂ. ಕಂದಾಯ ಇಲಾಖೆಯವರು ಪರಿಹಾರಕ್ಕೆ ಬರೆದುಕೊಂಡು ಹೋಗಲು ಬಂದಾಗ ಅದು ಬೇಕು, ವಿಮೆಗೂ ಬೇಕು. ವಿಮೆ ಅಂದಾಗ ನಾವು ಮಾಡಿಸಿದ್ದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಕೊಡಬೇಕಾದ ಮನೆ ಪಾಲಿಸಿ. ಚಂಡಮಾರುತ, ಪ್ರವಾಹ, ನೀರು ನುಗ್ಗುವುದು ಎಲ್ಲ ಅದರಲ್ಲಿ ಸೇರಿದೆ. ಕಟ್ಟಡಕ್ಕೆ ಮಾಡಿಸಿದರೆ ಆ ಮೊತ್ತದ ಶೇಕಡ 20ರಷ್ಟು, ಹತ್ತು ಲಕ್ಷದ ಮಿತಿಯಲ್ಲಿ, ಮನೆಯ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಆದರೆ ನನ್ನ ಮೆಷಿನ್ನು, ಗಿರಾಕಿಗಳ ಬಟ್ಟೆ ಮನೆ ಸಾಮಾನು ಅಲ್ಲ, ವ್ಯಾಪಾರದ್ದು. ಅದಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅಂತ ಬೇರೆ ಪಾಲಿಸಿ ಇದೆ. ಬೇರೆಯವರ ಬಟ್ಟೆ ನನ್ನ ಸುಪರ್ದಿಯಲ್ಲಿದೆ ಅಂತ ಅದರಲ್ಲಿ ಬರೆಸಬೇಕಂತೆ, ಅದಕ್ಕೆ ಈಗ ಓಡಾಡುತ್ತಿದ್ದೇನೆ. ಏಜೆಂಟ್ ಕೇಳಿದ ಪಟ್ಟಿಗೆ ಅಳತೆ ಪುಸ್ತಕವನ್ನೇ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ. ದೀಪಾವಳಿ ಒಳಗೆ ಪಾಲಿಸಿ ಕೈಗೆ ಬಂದರೆ ಈ ಸಲದ ಮದುವೆ ಸೀಸನ್ನಿಗೆ ಅನುಕೂಲ.